ಅಳುಕು ಯಾರ ಮನಸ್ಸಿನಲ್ಲಿದೆ?

'ನಿಮ್ಮ ಸೋಲಿಗೆ ನಿಮ್ಮ ಅಳುಕೇ ಕಾರಣ. ಅದನ್ನು ಗೆದ್ದರೆ ವ್ಯಾಪಾರವನ್ನೂ ಬದುಕನ್ನೂ ಗೆಲ್ಲುವಿರಿ.' ವ್ಯಕ್ತಿತ್ವ ವಿಕಸನ ಶಿಬಿರಗಳಲ್ಲಿ ಈ ಮಾತು ಕೇಳದವರು ವಿರಳ. ಮಾತು ಕಿವಿಗೆ ಹಿತವಾಗಿದೆ. ಆದರೆ ಅದು ಅರ್ಧ ಸತ್ಯ ಮಾತ್ರ. ಉಳಿದರ್ಧವನ್ನು ಮುಚ್ಚಿಟ್ಟರೆ ಅರ್ಧ ಸತ್ಯವೂ ಸುಳ್ಳಿನ ಕೆಲಸವನ್ನೇ ಮಾಡುತ್ತದೆ.

ಹೆಬ್ಬಗೋಡಿಯನ್ನೇ ನೋಡಿ. 2025ರ ಆಗಸ್ಟ್‌ನಲ್ಲಿ ಸಂಚಾರ ಆರಂಭಿಸಿದ ಮೆಟ್ರೋ ಹಳದಿ ಮಾರ್ಗದಲ್ಲಿ ಇಲ್ಲಿನ ನಿಲ್ದಾಣದ ಹೆಸರು 'ಬಯೋಕಾನ್ ಹೆಬ್ಬಗೋಡಿ'. ಈ ಕಂಪೆನಿಯನ್ನು ಕಟ್ಟಿದ ಕಿರಣ್ ಮಜುಂದಾರ್ ಷಾ ಅವರ ಕಥೆ ಭಾಷಣಕಾರರಿಗೆ ಬಲು ಪ್ರಿಯ. ಆದರೆ ಅವರು ಅದನ್ನು ಪೂರ್ತಿ ಹೇಳುವುದಿಲ್ಲ.

ಕಿರಣ್ 1975ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ತಾಂತ್ರಿಕ ಶಿಕ್ಷಣ ಮುಗಿಸಿ ಬಂದರು. ಇದು ಗಂಡಸರ ಕೆಲಸ ಎಂದು ಇಲ್ಲಿನ ಕಾರ್ಖಾನೆಗಳು ಅವರಿಗೆ ಹುದ್ದೆ ನಿರಾಕರಿಸಿದವು. 1978ರಲ್ಲಿ 10,000 ರೂಪಾಯಿ ಬಂಡವಾಳದೊಂದಿಗೆ, ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಕಿಣ್ವ ತಯಾರಿಸುವ ಉದ್ಯಮ ಆರಂಭಿಸಿದಾಗ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ವಯಸ್ಸು 25, ಹೆಣ್ಣು, ಯಾರೂ ಕೇಳರಿಯದ ಉದ್ಯಮ! ಹಾಗಾದರೆ ಅಳುಕು ಇದ್ದದ್ದು ಯಾರಲ್ಲಿ? ಆಕೆಯಲ್ಲೋ, ಮೇಜಿನ ಆಚೆ ಕುಳಿತವರಲ್ಲೋ?

ಆಕೆಯ ಬಳಿ ಧೈರ್ಯವಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಧೈರ್ಯವೊಂದೇ ಇರಲಿಲ್ಲ. ಕೈಯಲ್ಲಿ ವಿದ್ಯೆಯಿತ್ತು. ತಂದೆ ಅದೇ ಕ್ಷೇತ್ರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಸರಕು ಕೊಳ್ಳುವ ಐರ್ಲೆಂಡಿನ ಪಾಲುದಾರರಿದ್ದರು. ಕೊನೆಗೆ ಸಾಲ ಕೊಡುವ ಬ್ಯಾಂಕೂ ಸಿಕ್ಕಿತು. ಇವೆಲ್ಲ ಸೇರಿದ್ದರಿಂದಲೇ ಆ ಧೈರ್ಯ ಕಾರ್ಖಾನೆಯಾಯಿತು. ಇದನ್ನು ಹೇಳಿದರೆ ಅವರ ಸಾಧನೆ ಕಿರಿದಾಗುವುದಿಲ್ಲ, ನಮ್ಮ ಪಾಠ ಹಿರಿದಾಗುತ್ತದೆ.

ಇದೇ ಹೆಬ್ಬಗೋಡಿಗೆ ಇನ್ನೊಂದು ಕಥೆಯಿದೆ. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ತಂದಿತು. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲೂ ಹೆಚ್ಚಾಗಿ ಹೆಣ್ಣುಮಕ್ಕಳು, ಹೊಸೂರು ರಸ್ತೆಗಿಳಿದರು. ಹೆಬ್ಬಗೋಡಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಅವರ ಬೇಡಿಕೆ ನ್ಯಾಯವಾದುದಾಗಿತ್ತು. 19ರಂದೇ ಸರಕಾರ ನಿಯಮವನ್ನು ಹಿಂಪಡೆಯಿತು. ಹೊಲಿಗೆ ಯಂತ್ರ ಕೊಳ್ಳಲು, ಪುಟ್ಟ ಅಂಗಡಿ ಇಡಲು, ಮಗಳ ಶುಲ್ಕ ಕಟ್ಟಲು ಕಾರ್ಮಿಕರ ಬಳಿ ಇರುವ ಬಂಡವಾಳ ಆ ಹಣವೇ. ಅದಕ್ಕೆ ಬೀಗ ಜಡಿದು 'ನಿಮ್ಮಲ್ಲಿ ಆತ್ಮವಿಶ್ವಾಸವಿಲ್ಲ' ಎಂದು ಉಪದೇಶಿಸುವುದು ಎಂಥ ನ್ಯಾಯ?

ನಮ್ಮ ಸಮುದಾಯಕ್ಕೂ ಈ ಉಪದೇಶ ಸಾಕಷ್ಟು ಸಿಕ್ಕಿದೆ. ಮುಸ್ಲಿಮರಿಗೆ ಕೀಳರಿಮೆ, ಅದಕ್ಕೇ ಹಿಂದುಳಿದಿದ್ದಾರೆ ಎನ್ನುವವರು 2006ರ ಸಾಚಾರ್ ಸಮಿತಿಯ ವರದಿಯನ್ನು ಓದಲಿ. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳನ್ನು ಸಾಲಕ್ಕೆ ಅನರ್ಹವಾದ 'ನಕಾರಾತ್ಮಕ ವಲಯ'ಗಳೆಂದು ಗುರುತಿಸಿದ್ದನ್ನು ಅದು ದಾಖಲಿಸಿದೆ. ವಿಳಾಸ ನೋಡಿಯೇ ಅರ್ಜಿಯನ್ನು ಬದಿಗೆ ಸರಿಸಿದರೆ ಅರ್ಜಿದಾರ ಎಷ್ಟು ಎದೆಯುಬ್ಬಿಸಿ ನಿಂತರೇನು ಫಲ? ಹತ್ತು ಸಲ ಬಾಗಿಲು ಮುಚ್ಚಿಸಿಕೊಂಡವನು ಹನ್ನೊಂದನೆಯ ಸಲ ಹಿಂಜರಿದರೆ ಅದು ಕಾಯಿಲೆಯಲ್ಲ, ಅನುಭವ.

ಹಾಗೆಂದು ಇದನ್ನೇ ನೆಪ ಮಾಡಿಕೊಂಡು ಕೈಕಟ್ಟಿ ಕೂರುವುದೂ ತಪ್ಪು. 'ನಮಗೆಲ್ಲಿ ಕೊಡುತ್ತಾರೆ' ಎಂದು ಅರ್ಜಿಯನ್ನೇ ಹಾಕದವರು ನಮ್ಮ ನಡುವೆ ಎಷ್ಟಿಲ್ಲ? 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಡಿ ಸಣ್ಣ ಉದ್ಯಮಗಳಿಗೆ ಅಡಮಾನವಿಲ್ಲದೆ ಸಾಲ ಕೊಡುವ ಅವಕಾಶವಿದೆ. ಅರ್ಜಿ ಹಾಕಿ ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಲೆಕ್ಕಪತ್ರ ಬಲ್ಲ ವಿದ್ಯಾವಂತರು ಮೊದಲ ಸಲ ಬ್ಯಾಂಕಿಗೆ ಹೋಗುವವನ ಜೊತೆ ಒಂದು ದಿನ ಹೋಗಲಿ. ಅನುಕೂಲಸ್ಥ ವ್ಯಾಪಾರಿಗಳು ಹೊಸಬನಿಗೆ ಮೊದಲ ಆರ್ಡರ್ ಕೊಡಲಿ. ನೂರು ಭಾಷಣಗಳು ತುಂಬಲಾಗದ ಧೈರ್ಯವನ್ನು ಆ ಒಂದು ಆರ್ಡರ್ ತುಂಬುತ್ತದೆ.

ಅಳುಕುವವನಿಗೆ 'ಧೈರ್ಯ ತಂದುಕೋ' ಎನ್ನುವುದು ಸುಲಭ, ಅದಕ್ಕೆ ಖರ್ಚಿಲ್ಲ. ಅವನನ್ನು ನಂಬುವುದಕ್ಕೆ ಖರ್ಚಿದೆ. ಆ ಖರ್ಚಿಗೆ ಸಿದ್ಧರಿಲ್ಲದವರು ಉಪದೇಶವನ್ನಾದರೂ ನಿಲ್ಲಿಸಲಿ.