ಗಿರಿಶಿಖರಕ್ಕೆ ಕಿಸೆಯ ಕ್ಯಾಮರಾ

ಹೊನವಾಡದ ಬಯಲಿನಲ್ಲಿ ಬೆಳೆದ ನಮಗೆ ಪರ್ವತವೆಂಬುದು ಬಹುಕಾಲ ಕುಮಾರಸಂಭವದ ಮೊದಲ ಸರ್ಗದಲ್ಲಿ ಮಾತ್ರ ಇದ್ದಿತು. ಕಳೆದ ಮಾಗಿಯಲ್ಲಿ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಹೋದೆವು. ಎತ್ತರವು ಸುಮಾರು 1,930 ಮೀಟರು. ಕರ್ನಾಟಕದಲ್ಲಿ ಅದಕ್ಕಿಂತ ಉನ್ನತವಾದ ಶಿಖರವಿಲ್ಲ. ನಮ್ಮ ಮನೆಯವರು ಮೊಣಕಾಲ ನೋವಿನಿಂದ ಮೆಟ್ಟಿಲುಗಳ ಬುಡದಲ್ಲಿಯೇ ಕುಳಿತರು. ಅವರಿಗೆ ಶಿಖರದ ಪಟ ತಂದು ತೋರಿಸುವುದಾಗಿ ಮಾತು ಕೊಟ್ಟೆವು. ದೊಡ್ಡ ಕ್ಯಾಮರಾ ಆಗಿದ್ದರೆ ಅದನ್ನೂ ಅವರ ಬಳಿಯೇ ಬಿಟ್ಟು ಏರುತ್ತಿದ್ದೆವು. ಅರವತ್ತರ ಕಾಲುಗಳು ಯಾವ ಶಾಸ್ತ್ರವನ್ನೂ ಕೇಳವು. ಕಿಸೆಯಲ್ಲಿ ಅಡಗುವ ಈ ಪುಟ್ಟ ಯಂತ್ರವಾದರೋ ಕೈಯನ್ನು ಊರುಗೋಲಿಗೆ ಬಿಟ್ಟುಕೊಟ್ಟಿತು.

ಮೇಲೆ ಮಂಜು ಕವಿದಿತ್ತು. ಮೊದಲ ಪಟದಲ್ಲಿ ಅದು ಬೂದಿಯ ಬಣ್ಣಕ್ಕೆ ಬಂದಿತು. ಯಂತ್ರದ ಬೆಳಕುಮಾಪಕವು ಬಿಳುಪನ್ನೂ ನಡುಬೂದಿಯೆಂದೇ ಎಣಿಸುವುದು. ಆದುದರಿಂದ ಬೆಳಕಿನ ತಿದ್ದುಪಡಿಯನ್ನು ವಾಚಕರು ಒಂದು ಅಂಶದಷ್ಟು ಏರಿಸಿಕೊಳ್ಳಬೇಕು. ಹಾಗೆ ಮಾಡಲು ಮಂಜು ಹಾಲಿನಂತಾಯಿತು. ಬರಿಯ ಬೆಟ್ಟವು ಪಟದಲ್ಲಿ ಹುತ್ತದಂತೆ ಕಾಣುವುದು. ಮೆಟ್ಟಿಲೇರುವ ಭಕ್ತನೊಬ್ಬನು ಚೌಕಟ್ಟಿನೊಳಗೆ ಬರುವವರೆಗೆ ಕಾದೆವು. ಆಗ ಎತ್ತರ ತಿಳಿಯಿತು.

ಮಂಜು ಸರಿಯಲು, ಕೆಳಗಿನ ದಾರಿಯನ್ನೂ ಒಂದು ಪಟ ತೆಗೆದೆವು. ಇಳಿದು ಬಂದು ತೋರಿಸಿದಾಗ ಮನೆಯವರು ಶಿಖರವನ್ನೆಲ್ಲ ಬೇಗನೆ ದಾಟಿಸಿ ಅದೊಂದರಲ್ಲಿಯೇ ನಿಂತರು.

“ಈ ಕೆಂಪು ಚುಕ್ಕೆ ನಾನೋ?” ಎಂದರು.