ಅರಮನೆಯಲ್ಲೇ ಅರಿತವಳು

ಸೋದರಿಯೊಬ್ಬರು ಬರೆದಿದ್ದಾರೆ: “ನನಗೆ ವೇದಾಂತ ತಿಳಿಯುವ ಆಸೆ. ಹೇಳಿದರೆ ನಮ್ಮ ಮನೆಯವರು ‘ಮೊದಲು ಸಾರಿಗೆ ಉಪ್ಪು ಸರಿಯಾಗಿ ಹಾಕು’ ಅಂತ ನಗ್ತಾರೆ. ನಮ್ಮಂಥವರಿಗೆ ಇದೆಲ್ಲ ಆಗುವ ಮಾತೇ?”

ಅವರಿಗೂ ನಿಮಗೂ ಇವತ್ತು ಚೂಡಾಲೆಯ ಕಥೆ ಹೇಳ್ತೀನಿ. ‘ಯೋಗವಾಸಿಷ್ಠ’ ಅಂದರೆ ವಸಿಷ್ಠರು ಶ್ರೀರಾಮನಿಗೆ ಮಾಡಿದ ಉಪದೇಶ. 6 ಪ್ರಕರಣಗಳ ಅದ್ವೈತ ಗ್ರಂಥ. ಅದರ ಕೊನೆಯದಾದ ನಿರ್ವಾಣ ಪ್ರಕರಣದಲ್ಲಿ ಈ ಕಥೆ ಬರುತ್ತದೆ.

ಚೂಡಾಲೆ ರಾಜ ಶಿಖಿಧ್ವಜನ ರಾಣಿ. ಅರಮನೆಯಲ್ಲಿ ಇದ್ದುಕೊಂಡೇ ‘ನಾನು ಯಾರು? ಈ ದೇಹವೇ? ಮನಸ್ಸೇ?’ ಎಂದು ವಿಚಾರ ಮಾಡಿದಳು. ಇವೆಲ್ಲ ಜಡ, ಇವನ್ನು ಬೆಳಗುವ ಚೈತನ್ಯವೇ ತಾನು ಎಂದು ಅರಿತಳು. ಮುಖಕ್ಕೆ ಹೊಸ ಕಳೆ ಬಂತು. ಗಂಡನಿಗೆ ಹೇಳಿದರೆ ಆತ ನಕ್ಕುಬಿಟ್ಟ! ಆಮೇಲೆ ತನಗೆ ಮುಕ್ತಿ ಬೇಕೆಂದು, ಒಂದು ರಾತ್ರಿ ಮಲಗಿದ್ದ ಹೆಂಡತಿಯನ್ನು ಬಿಟ್ಟು ಕಾಡಿಗೆ ಹೊರಟುಹೋದ. ರಾಜ್ಯಭಾರ ಯಾರ ತಲೆಗೆ ಬಂತು ಅಂತೀರಿ? ಅವಳ ತಲೆಗೇ.

18 ವರ್ಷ ಕಳೆದ ಮೇಲೆ ಚೂಡಾಲೆ ಕುಂಭನೆಂಬ ಬ್ರಾಹ್ಮಣ ಕುಮಾರನ ರೂಪದಲ್ಲಿ ಅವನ ಬಳಿಗೆ ಹೋದಳು. ‘ಎಲ್ಲವನ್ನೂ ಬಿಟ್ಟಿದ್ದೇನೆ’ ಅಂದ ರಾಜ. ‘ಇಲ್ಲ, ಇನ್ನೂ ಬಿಟ್ಟಿಲ್ಲ’ ಅಂದ ಕುಂಭ. ರಾಜ ತನ್ನ ಪರ್ಣಕುಟಿ, ಜಪಮಾಲೆ ಎಲ್ಲವನ್ನೂ ಬೆಂಕಿಗೆ ಹಾಕಿದ. ಕೊನೆಗೆ ದೇಹವನ್ನೂ ಬಿಡಲು ಹೊರಟ. ಕುಂಭ ತಡೆದ. ಪಾಪ, ದೇಹದ ತಪ್ಪೇನು? ಬಿಡಬೇಕಾದ್ದು ‘ನಾನು, ನನ್ನದು’ ಎನ್ನುವ ಚಿತ್ತವನ್ನು. ಆಗ ರಾಜನ ಕಣ್ಣು ತೆರೆಯಿತು. ಮುಂದೆ ಇಬ್ಬರೂ ಊರಿಗೆ ಮರಳಿ ರಾಜ್ಯವಾಳಿದರು.

ಓದುವಾಗ ಒಂದು ಮಾತು ನನ್ನ ಮನಸ್ಸಿಗೆ ಚುಚ್ಚುತ್ತದೆ. ಹೆಂಡತಿ ಹೇಳಿದಾಗ ನಕ್ಕವನು, ಅವಳೇ ಗಂಡುರೂಪದಲ್ಲಿ ಬಂದು ಹೇಳಿದಾಗ ಕೈಮುಗಿದು ಕೇಳಿದ! ಆದರೆ ಅವನು ನಕ್ಕನೆಂದು ಅವಳ ಅರಿವೇನೂ ಕಡಿಮೆಯಾಗಲಿಲ್ಲ, ನೋಡಿ.

ಆದ್ದರಿಂದ ಸೋದರಿ, ನಗುವವರು ನಗಲಿ. ಎಲ್ಲವನ್ನೂ ನುಂಗಿಕೊಂಡು ಕೂರಿ ಅನ್ನುವ ಮಾತಲ್ಲ ಇದು. ಚೂಡಾಲೆಯೂ ಸುಮ್ಮನೆ ಕೂರಲಿಲ್ಲ. ವಿಚಾರಕ್ಕೆ ಕಾಡು ಬೇಡ, ಮುಪ್ಪು ಬರುವವರೆಗೆ ಕಾಯಲೂ ಬೇಡ ಅಂತಷ್ಟೇ ಹೇಳಿದ್ದು. ಹಾಲು ಕಾಯುವಷ್ಟು ಹೊತ್ತು ಸಾಕು. ಯಾರದೋ ಮಾತಿಗೆ ಮನಸ್ಸು ನೊಂದಾಗ ‘ನೊಂದದ್ದು ಯಾರು? ಅದನ್ನು ನೋಡುತ್ತಿರುವವರು ಯಾರು?’ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಹಾಲು ಉಕ್ಕದ ಹಾಗೆ ಮಾತ್ರ ನೋಡಿಕೊಳ್ಳಿ!