ನೆಲವನ್ನು ಆಷಾಢದ ಕಣ್ಣಿನಿಂದ ನೋಡಿರಿ

ನಮ್ಮಲ್ಲಿ ಮನೆ ಕಟ್ಟುವವರು ಸಾಮಾನ್ಯವಾಗಿ ಬೇಸಗೆಯಲ್ಲಿ ಕೆಲಸ ಮುಗಿಸಿ ವೈಶಾಖದಲ್ಲಿ ಗೃಹಪ್ರವೇಶ ಮಾಡುತ್ತಾರೆ. ನೆಲಕ್ಕೆ ಹಾಸುವ ಟೈಲುಗಳನ್ನು ಆರಿಸುವುದೂ ಆ ಒಣ ದಿನಗಳಲ್ಲಿಯೇ. ಅಂಗಡಿಯ ದೀಪದ ಕೆಳಗೆ ಕನ್ನಡಿಯಂತೆ ಹೊಳೆಯುವ ಟೈಲನ್ನು ಕಂಡು ಮರುಳಾಗದವರು ವಿರಳ. ಆದರೆ ಮಲೆನಾಡಿನಲ್ಲಿ ಆ ನೆಲಕ್ಕೆ ನಿಜವಾದ ಪರೀಕ್ಷೆ ಆಷಾಢ ಶ್ರಾವಣಗಳಲ್ಲಿ ನಡೆಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಮಾಘ ಫಾಲ್ಗುಣಗಳಲ್ಲಿಯಾದರೋ ಬಾಗಿಲ ಹಲಗೆಗಳು ಒಣಗಿ ಸಂದು ಬಿಡುತ್ತವೆ. ಈ ಎರಡನ್ನೂ ತಾಳಬಲ್ಲ ನೆಲ ಯಾವುದೆಂಬುದನ್ನು ಭೌತಶಾಸ್ತ್ರವನ್ನು ಕೇಳಿಯೇ ನಿರ್ಧರಿಸಬೇಕೆಂದು ನಮ್ಮ ಅಭಿಪ್ರಾಯ.

ಮಳೆಗಾಲದಲ್ಲಿ ‘ನೆಲ ಬೆವರುತ್ತದೆ’ ಎಂದು ಹಿರಿಯರು ಹೇಳುವುದನ್ನು ವಿದ್ಯಾರ್ಥಿಗಳು ಕೇಳಿರಬಹುದು. 25 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹೊತ್ತಿರಬಲ್ಲುದು. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಮಾತ್ರ. ಆವಿ ತುಂಬಿದ ಗಾಳಿಯು ತನಗಿಂತ ತಣ್ಣಗಿರುವ ನೆಲವನ್ನು ಮುಟ್ಟಿದಾಗ ಹೆಚ್ಚಿನ ಆವಿ ಹನಿಗಟ್ಟುತ್ತದೆ. ಮೆರುಗು ಕೊಡದ ಸುಟ್ಟಮಣ್ಣಿನ ಹಂಚು ಈ ನೀರಿನಲ್ಲಿ ಸ್ವಲ್ಪವನ್ನು ತನ್ನ ರಂಧ್ರಗಳೊಳಕ್ಕೆ ಎಳೆದುಕೊಂಡು, ಗಾಳಿ ಒಣಗಿದಾಗ ಹಿಂದಕ್ಕೆ ಬಿಡುತ್ತದೆ. ವಿಟ್ರಿಫೈಡ್ ಟೈಲು ತನ್ನ ತೂಕದ ಶೇಕಡಾ ಅರ್ಧದಷ್ಟು ನೀರನ್ನೂ ಹೀರದು. ಅದಕ್ಕೆ ಸುಲಭವಾಗಿ ಕಲೆ ಹಿಡಿಯದಿರುವುದಕ್ಕೆ ಇದೇ ಕಾರಣ; ತೇವದ ತೆಳುಪೊರೆ ಅದರ ಮೇಲೆಯೇ ನಿಲ್ಲುವುದಕ್ಕೂ ಇದೇ ಕಾರಣ. ನುಣುಪಾದ ಮೈಯಲ್ಲಿ ಆ ಪೊರೆಯು ಅಂಗಾಲಿಗೂ ನೆಲಕ್ಕೂ ನಡುವೆ ಕೀಲೆಣ್ಣೆಯಂತೆ ವರ್ತಿಸುತ್ತದೆ. ಎಪ್ಪತ್ತು ದಾಟಿದ ಅಜ್ಜಿ ಬೆಳಗಿನ ಜಾವ ಬರಿಗಾಲಲ್ಲಿ ಬಚ್ಚಲಿಗೆ ಹೊರಟು ಜಾರಿಬಿದ್ದರೆ ತೊಡೆಯ ಮೂಳೆ ಮುರಿಯಬಹುದು. ಅಂಗಡಿಯ ಬೆಲೆಪಟ್ಟಿಯಲ್ಲಿ ಈ ಬಾಬು ಸೇರಿರುವುದಿಲ್ಲ.

ಹಿರಿಯರ ಕಾಲದ ಕೆಂಪು ಗಾರೆಯ ನೆಲವೆಂದರೆ ನಮಗೂ ಪ್ರೀತಿಯೇ. ಆದರೆ ತಿಕ್ಕಿ ತಿಕ್ಕಿ ಹೊಳಪೇರಿದ ಗಾರೆಯೂ ಬೆವರುತ್ತದೆ, ಜಾರುತ್ತದೆ. ಹಳೆಯದೆಂಬ ಕಾರಣಕ್ಕೆ ಅದಕ್ಕೆ ರಿಯಾಯಿತಿ ಕೊಡಲಾಗದು.

ಹಣವುಳ್ಳವರು ಮರದ ನೆಲವನ್ನು ಬಯಸುವುದುಂಟು. ಮರ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ. ಎಳೆಗೆ ಅಡ್ಡಲಾಗಿ ಮಾತ್ರ ತೇವದೊಡನೆ ಚೆನ್ನಾಗಿಯೇ ಹಿಗ್ಗುತ್ತದೆ. ಶೇಕಡಾ ಒಂದರಷ್ಟು ಎಂದಿಟ್ಟುಕೊಂಡರೂ 4 ಮೀಟರ್ ಅಗಲದ ಕೋಣೆಯಲ್ಲಿ ಅದು 4 ಸೆಂಟಿಮೀಟರ್ ಆಯಿತು. ಗೋಡೆಗೆ ಒತ್ತಿ ಕೂರಿಸಿದ ಹಲಗೆಗಳು ಬಿಲ್ಲಿನಂತೆ ಮೇಲೇಳದೆ ಗತ್ಯಂತರವಿಲ್ಲ. ಅದೇ ಅಗಲದ ಕಾಂಕ್ರೀಟು 20 ಡಿಗ್ರಿಯಷ್ಟು ಕಾದರೂ ಹಿಗ್ಗುವುದು ಒಂದು ಮಿಲಿಮೀಟರಿಗೂ ಕಡಮೆ. ಆದುದರಿಂದ ಮಲೆನಾಡಿನ ಕೆಳಮನೆಗೆ ಮರ ಸಲ್ಲದು.

ಕಲಬುರಗಿಯ ಕಡೆ ಮಾತೇ ಬೇರೆ. ಅಲ್ಲಿ ಬೇಸಗೆಯ ಉಷ್ಣತೆ 40 ಡಿಗ್ರಿಯನ್ನು ದಾಟುತ್ತದೆ, ಗಾಳಿಯೂ ಒಣ. ನೆಲದಡಿಯ ಮಣ್ಣು ಅಷ್ಟು ಕಾಯದು. ಅದರ ಮೇಲೆ ಹಾಸಿದ ಶಹಾಬಾದಿನ ಸುಣ್ಣಕಲ್ಲು ಅಂಗಾಲಿನ ಶಾಖವನ್ನು ಬೇಗನೆ ಸೆಳೆದುಕೊಳ್ಳುತ್ತದೆ. ಚಳಿಗಾಲದ ಬೆಳಗಿನಲ್ಲಿ ಅದೇ ಗುಣ ಕಾಲನ್ನು ಕೊರೆಯುವುದು ನಿಜ. ಒಂದು ಜಮಖಾನ ಹಾಸಿದರಾಯಿತು.

ಮಲೆನಾಡಿಗೆ ನಾವು ಸೂಚಿಸುವುದು, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದಿಂದ ಈ ಸೀಮೆಗೆ ಚಿರಪರಿಚಿತವಾದ ಸುಟ್ಟಮಣ್ಣನ್ನೇ. ಇಲ್ಲವೆ ಮೈ ಒರಟಾದ ಕಲ್ಲನ್ನು. ಹಂಚಿಗೆ ಪಾಚಿ ಹಿಡಿಯುವುದುಂಟು, ತಿಕ್ಕುವ ಶ್ರಮವೂ ಉಂಟು. (ಆ ಶ್ರಮದಲ್ಲಿ ಮನೆಯ ಗಂಡುಮಕ್ಕಳೂ ಪಾಲುಗೊಳ್ಳಲಿ.) ಮೇಲೆ ಏನನ್ನೇ ಹಾಸಿದರೂ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ತೇವ ಕೆಳಗಿನಿಂದ ಏರುತ್ತಲೇ ಇರುತ್ತದೆ. ದಪ್ಪ ಜಲ್ಲಿಯ ಪದರವೂ ಅದರ ಮೇಲೊಂದು ಪಾಲಿಥೀನ್ ಹಾಳೆಯೂ ಅದನ್ನು ತಡೆಯುತ್ತವೆ. ಹಣ ಸಾಲದಿದ್ದರೆ ಮೇಲಿನ ಹೊಳಪಿನಲ್ಲಿ ಉಳಿಸಬೇಕೇ ಹೊರತು ಅಡಿಯ ಜಲ್ಲಿಯಲ್ಲಿ ಅಲ್ಲ.

ಮನೆಯಲ್ಲಿ ಟೈಲಿನ ಮಾತು ಎದ್ದಾಗ ವಿದ್ಯಾರ್ಥಿಗಳು ಸುಮ್ಮನೆ ಕೂರಬೇಕಾದುದಿಲ್ಲ. ಮಾದರಿಯೊಂದನ್ನು ತರಿಸಿ, ನೀರು ಚಿಮುಕಿಸಿ, ಗೋಡೆಯ ಆಸರೆ ಹಿಡಿದು ಬರಿಗಾಲನ್ನು ಮೆಲ್ಲಗೆ ಊರಿ ನೋಡಲಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.